ಹೆಂಗಸರ ಆಟಕ್ಕೆ ಹುಲ್ಲೇಕೆ?

ಹ್ಯೂಸ್ಟನ್ ಡ್ಯಾಶ್ ಎಂಬ ಹೆಂಗಸರ ಫುಟ್‌ಬಾಲ್ ತಂಡದವರು 2020ರ ಜುಲೈ 26ರಂದು ತಮ್ಮ ಲೀಗಿನ ಚಾಲೆಂಜ್ ಕಪ್ ಗೆದ್ದಾಗ ಕ್ರೀಡಾಂಗಣದಲ್ಲಿ ಪ್ರೇಕ್ಷಕರೇ ಇರಲಿಲ್ಲ. ಸದ್ಯ, ಆ ಸಲ ತಪ್ಪು ಹೊರಿಸಲು ಕೊರೊನಾ ಇತ್ತು. ಫೈನಲ್ ನಡೆದದ್ದು ದೂರದ ಯೂಟಾದಲ್ಲಿ. ಶಿಕಾಗೊ ಎದುರು 2-0. ಕ್ಲಬ್ ಕಂಡ ಮೊದಲ ಕಪ್ಪು ಅದು. ಪ್ರಾಯೋಜಕರಲ್ಲಿ ಕಂಕುಳಿನ ಡಿಯೋಡರೆಂಟ್‌ನವರೂ ಇದ್ದರು. 1971ರಲ್ಲಿ ಮೆಕ್ಸಿಕೋದಲ್ಲಿ ಫಿಫಾದ ಮುದ್ರೆಯಿಲ್ಲದೆ ನಡೆದ ಹೆಂಗಸರ ವಿಶ್ವಕಪ್ಪಿಗೆ ದುಡ್ಡು ಹಾಕಿದ್ದು ಇಟಲಿಯ ಮದ್ಯದ ಕಂಪನಿ. ಆಡುವ ಹೆಂಗಸರಿಗೆ ಬೆವರೂ ಬರುತ್ತದೆ ಎಂದು ಮಾರುಕಟ್ಟೆಗೆ ಹೊಳೆಯಲು ಅರ್ಧ ಶತಮಾನ ಹಿಡಿಯಿತು.

ಆ ಚಾಲೆಂಜ್ ಕಪ್ ನಾಲ್ಕು ವರ್ಷ ಟೂರ್ನಿಯಾಗಿ ನಡೆದು, 2024ರಲ್ಲಿ ಒಂದೇ ಪಂದ್ಯಕ್ಕೆ ಇಳಿಯಿತು. ಇನ್ನೊಂದು ಸುತ್ತು ಸುಧಾರಣೆಯಾದರೆ ಬರೀ ಟಾಸ್ ಉಳಿಯಬಹುದು.

ಈಗ ಹುಲ್ಲಿನ ವಿಷಯ. 2026ರ ಗಂಡಸರ ವಿಶ್ವಕಪ್ಪಿನಲ್ಲಿ ಡಲ್ಲಾಸ್ ಪಾಲಿಗೆ ಒಂಬತ್ತು ಪಂದ್ಯ, ಹ್ಯೂಸ್ಟನ್ ಪಾಲಿಗೆ ಏಳು. ಎರಡೂ ಕಡೆಯ ಭವ್ಯ ಕ್ರೀಡಾಂಗಣಗಳಲ್ಲಿ ಮಾಮೂಲಾಗಿ ಇರುವುದು ಕೃತಕ ಹುಲ್ಲು. ಫಿಫಾ ಒಪ್ಪೀತೆ? ಗಂಡುಮಕ್ಕಳ ಮಂಡಿಯ ಪ್ರಶ್ನೆ! ಸೂರಿನ ಕೆಳಗಾದರೂ ಸರಿ, ಜೀವಂತ ಹುಲ್ಲೇ ಹಾಸಬೇಕು. ಇದೇ ಫಿಫಾ 2015ರಲ್ಲಿ ಕೆನಡಾದ ಹೆಂಗಸರ ವಿಶ್ವಕಪ್ಪನ್ನು ಮೊದಲಿನಿಂದ ಕೊನೆಯವರೆಗೆ ಕೃತಕ ಹುಲ್ಲಿನ ಮೇಲೇ ಆಡಿಸಿತು. ಆಟಗಾರ್ತಿಯರು ಒಂಟಾರಿಯೊದ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ದೂರು ಕೊಟ್ಟರು. ಕೊನೆಗೆ ತಾವೇ ಹಿಂದೆಗೆದುಕೊಂಡರು. ಹೆಣ್ಣಿನ ಮಂಡಿಯನ್ನು ತೊಳೆದು ಮತ್ತೆ ಬಳಸಬಹುದೆಂದು ಫಿಫಾ ತಿಳಿದಿರಬೇಕು.

ಆಸ್ಟಿನ್‌ನವರು ಮಾತ್ರ ಸಂಪ್ರದಾಯಸ್ಥರು. 2021ರ ಜೂನ್ 16ರಂದು ಕ್ಯೂ2 ಕ್ರೀಡಾಂಗಣದ ಗೃಹಪ್ರವೇಶವನ್ನು ಹೆಂಗಸರಿಂದಲೇ ಮಾಡಿಸಿದರು. ಅಮೆರಿಕದ ತಂಡ ಬಲಗಾಲಿಟ್ಟು ಒಳಬಂದು, ನೈಜೀರಿಯಾಕ್ಕೆ ಎರಡು ಗೋಲು ಹೊಡೆದು, ಬೀಗದಕೈಯನ್ನು ಗಂಡಸರ ಆಸ್ಟಿನ್ ಎಫ್‌ಸಿ ಕೈಗಿತ್ತು ಹೊರಟಿತು.

ಫುಟ್‌ಬಾಲನ್ನೇ ಉಸಿರಾಡುವ ಇಟಲಿಯಲ್ಲಾದರೂ? ಯುವೆಂಟಸ್, ರೋಮಾ, ಮಿಲಾನ್ ಎಂದು ಘನ ಹೆಸರಿನ ಅಂಗಿ ತೊಟ್ಟ ಹೆಂಗಸರು 2022ರ ಜುಲೈವರೆಗೆ ಕಾಗದದ ಮೇಲೆ ಬರೀ ಹವ್ಯಾಸಿಗಳು. ಆ ಹವ್ಯಾಸಿಗಳ ದೇಶ 2019ರ ವಿಶ್ವಕಪ್ಪಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿತು. ಹಿಂದಿನ ವರ್ಷವಷ್ಟೇ ಅಲ್ಲಿನ ವೃತ್ತಿಪರ ಗಂಡಸರು ವಿಶ್ವಕಪ್ಪನ್ನು ಮನೆಯಲ್ಲಿ ಕೂತು ಟೀವಿಯಲ್ಲಿ ನೋಡಿದ್ದರು.

ಟೆಕ್ಸಸ್‌ನ ನಮ್ಮ ಕನ್ನಡದವರನ್ನು ಮಾತ್ರ ಯಾರೂ ದೂರುವಂತಿಲ್ಲ. ಫ್ರಿಸ್ಕೊ, ಕೇಟಿ, ರೌಂಡ್ ರಾಕ್‌ಗಳಲ್ಲಿ ಶನಿವಾರ ಬೆಳಗಾದರೆ ಮಡಿಸುವ ಕುರ್ಚಿ, ಕೊಡೆ, ಚಿತ್ರಾನ್ನದ ಡಬ್ಬಿ ಹೊತ್ತು ಮಗಳ ಸಾಕರ್‌ಗೆ ಹಾಜರು. ಮನೆಯಲ್ಲಿ ಇಂಗ್ಲಿಷ್, ರೆಫ್ರಿಗೆ ಬೈಯಲು ಅಚ್ಚಗನ್ನಡ. ಕೋಚಿಂಗ್ ಫೀಸು, ಶೂಸು, ಪರವೂರಿನ ಹೋಟೆಲು, ಯಾವುದಕ್ಕೂ ಕೈ ಬಿಗಿಹಿಡಿಯುವುದಿಲ್ಲ. ಆದರೆ 2024ರಲ್ಲಿ ಶುರುವಾದ ಡಲ್ಲಾಸ್ ಟ್ರಿನಿಟಿ ಹೆಂಗಸರ ಆಟಕ್ಕೆ ಹೋಗೋಣವೇ ಎಂದು ಕೇಳಿ ನೋಡಿ. ಎಲ್ಲರಿಗೂ ಅವತ್ತೇ ಸತ್ಯನಾರಾಯಣ ಪೂಜೆ. ತೊಂಬತ್ತು ಸಾವಿರಕ್ಕೂ ಹೆಚ್ಚು ಸೀಟಿನ ಕಾಟನ್ ಬೌಲ್ ಕ್ರೀಡಾಂಗಣ ಟ್ರಿನಿಟಿಯವರ ತವರು. ಕಾಲು ಚಾಚಿ ಕೂರಲು ಅಷ್ಟು ಜಾಗ ಮತ್ತೆಲ್ಲಿ ಸಿಕ್ಕೀತು?

ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲು ತುಂಬಿತೋ, ಮಗಳ ಬೂಟು ಗ್ಯಾರೇಜು ಸೇರಿತು.

“ಅಪ್ಪಾ, ನಾನು ಡ್ಯಾಶ್‌ಗೆ ಆಡ್ತೀನಿ.”

“ಆಡು ಪುಟ್ಟಾ, ಯಾರು ಬೇಡ ಅಂದ್ರು? ಮೊದಲು ರೆಸಿಡೆನ್ಸಿ ಮುಗೀಲಿ.”

ಇನ್ನು ಕನ್ನಡ ಸಂಘದ ಕ್ರೀಡಾದಿನ. ಗಂಡಸರಿಗೆ ಕ್ರಿಕೆಟ್ ಟೂರ್ನಿ: ಹೆಸರು ಅಚ್ಚಾದ ಜೆರ್ಸಿ, ಇಬ್ಬರು ಅಂಪೈರು, ಯೂಟ್ಯೂಬಿನಲ್ಲಿ ನೇರಪ್ರಸಾರ. ಹೆಂಗಸರಿಗೆ ಊಟದ ಪಾತ್ರೆ ಬಿಸಿಯಾಗುವ ಹೊತ್ತಿನಲ್ಲಿ ನಿಂಬೆಹಣ್ಣು-ಚಮಚದ ಓಟ. ಗೆದ್ದವರಿಗೆ ಕಪ್ಪೂ ಕೊಡುತ್ತಾರೆ, ಸಾಸರ್ ಸಮೇತ.