ಬಂದೂಕಿನ ಮೇಲೊಂದು ದುರ್ಬೀನು

ಸುರಪುರ ಸೀಮೆಯಲ್ಲಿ ಯಾರ ಗುರಿಯೂ ತಪ್ಪುವುದಿಲ್ಲ. ತಪ್ಪಿದರೆ ಅದು ಬಂದೂಕಿನ ತಪ್ಪು, ಗಾಳಿಯ ತಪ್ಪು, ಇಲ್ಲವೇ ಹಿಂದೆ ನಿಂತು ಕೆಮ್ಮಿದವನ ತಪ್ಪು. ನಾಯಕರು ಆಳಿದ ನಾಡು, ಬಂದೂಕುಗಾರಿಕೆಗೆ ಹೆಸರಾದ ಬೇಡರ ಊರು. ಇಲ್ಲಿ ಹತ್ತು ಮೀಟರ್ ದೂರದ ರಟ್ಟನ್ನು ಬಿಟ್ಟು ಅದರ ಹಿಂದಿನ ಮರಳಿನ ಚೀಲಕ್ಕೆ ಹೊಡೆದರೆ ಅದು ಬರೀ ಆಟದ ಮಾತಾಗಿ ಉಳಿಯುವುದಿಲ್ಲ, ಮನೆತನದ ತನಕ ಹೋಗುತ್ತದೆ.

ದೇವಾಪುರದಲ್ಲಿರುವ ನನ್ನ ಅಕ್ಕನ ಮಗ ಒಂದು ಏರ್‌ರೈಫಲ್ ಕೊಂಡಿದ್ದಾನೆ. 4.5 ಮಿಲಿಮೀಟರ್ ನಳಿಗೆಯದು, 20 ಜೂಲ್ ಶಕ್ತಿಯೊಳಗಿನದು. ಆದ್ದರಿಂದ ಲೈಸೆನ್ಸಿನ ತಂಟೆಯಿಲ್ಲ. ಬೇಟೆಯ ಮಾತಂತೂ 1972ರ ವನ್ಯಜೀವಿ ಕಾಯ್ದೆಯೊಂದಿಗೇ ಮುಗಿದಿದೆ, ಬೋನಾಳ ಕೆರೆಯ ಹಕ್ಕಿಗಳು ನಿಶ್ಚಿಂತೆಯಿಂದಿರಬಹುದು. ಹುಡುಗನಿಗೆ ಬೇಕಾದದ್ದು ಒಲಿಂಪಿಕ್ಸ್. ಅಭಿನವ್ ಬಿಂದ್ರಾ ಆಗಬೇಕೆಂದು ಹೊರಟವನು ಮೊದಲು ಮಾಡಿದ ಕೆಲಸವೆಂದರೆ ಬಂದೂಕಿನ ಮೇಲೆ ಕೂರಿಸಲು ಒಂದು ದುರ್ಬೀನು ತರಿಸಿದ್ದು. ಒಲಿಂಪಿಕ್ಸಿನ ಹತ್ತು ಮೀಟರ್ ಏರ್‌ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಅಲ್ಲಿ ಸಣ್ಣ ತೂತಿನಲ್ಲಿ ಕಣ್ಣಿಟ್ಟು ಅರ್ಧ ಮಿಲಿಮೀಟರಿನ ಚುಕ್ಕಿಗೆ ಹೊಡೆಯಬೇಕು. ಇದನ್ನು ಹೇಳಿದರೆ, "ಇರ್ಲಿ ಮಾಮಾ, ಮದಲ ಕಾಣಬೇಕಲ್ಲ," ಎಂದ.

ಕಂಡಿತು. ಚುಕ್ಕಿ ಚಕ್ಕುಲಿಯಷ್ಟು ದೊಡ್ಡದಾಗಿಯೇ ಕಂಡಿತು. ಮೊದಲಿನ ಪೆಲೆಟ್ಟುಗಳು ನಡುವಿಗೇ ಬಿದ್ದವು. ಆಮೇಲೆ ಒಂದೊಂದಾಗಿ ಮೇಲಕ್ಕೆ, ಬಲಕ್ಕೆ ಅಲೆಯತೊಡಗಿದವು. ಸಂಜೆಯೊಳಗೆ ಬಂದೂಕಿಗಿಂತ ವೈದ್ಯರೇ ಹೆಚ್ಚಾದರು. ಟ್ರ್ಯಾಕ್ಟರ್ ಮಿಸ್ತ್ರಿ ನಳಿಗೆಯನ್ನು ಒಂದು ಕಣ್ಣಿನಿಂದ ನೋಡಿ "ಅಲೈನ್‌ಮೆಂಟ್ ಔಟ್ ಆಗ್ಯಾದ" ಎಂದು ತೀರ್ಪು ಕೊಟ್ಟ. ನಿವೃತ್ತ ವಿಜ್ಞಾನ ಮಾಸ್ತರರು ಭೂಮಿಯ ತಿರುಗುವಿಕೆಯನ್ನು ಲೆಕ್ಕಕ್ಕೆ ತಂದರು. ಹತ್ತು ಮೀಟರಿನಲ್ಲಿ ಭೂಮಿ ಎಷ್ಟು ತಿರುಗೀತು ಎಂದು ಕೇಳುವ ಧೈರ್ಯ ಅವರ ಹಳೆಯ ಶಿಷ್ಯರಲ್ಲಿ ಯಾರಿಗೂ ಇರಲಿಲ್ಲ. ಕಟ್ಟೆಯ ಮೇಲಿನ ಮುತ್ಯಾನದು ನೇರ ಮಾತು: "ದೃಷ್ಟಿ ಆಗ್ಯಾದ. ಲಿಂಬಿಹಣ್ಣು ಕಟ್ಟು."

ಹುಡುಗ ಹಿರಿಯರ ಮಾತು ಮೀರುವವನಲ್ಲ. ಎಲ್ಲವನ್ನೂ ಒಟ್ಟಿಗೇ ಮಾಡಿದ. ದುರ್ಬೀನಿನ ಮೇಲಿನ ಗುಂಡಿ ತಿರುವಿದ, ಪಕ್ಕದ ಗುಂಡಿಯನ್ನೂ ತಿರುವಿದ, ಪೆಲೆಟ್ಟಿನ ಡಬ್ಬಿ ಬದಲಿಸಿದ, ಭೂಮಿಯ ಲೆಕ್ಕಕ್ಕೆ ದಿಕ್ಕು ಬದಲಿಸಿ ನಿಂತ, ಲಿಂಬಿಹಣ್ಣನ್ನೂ ಕಟ್ಟಿದ. ಮರುದಿನ ಒಂದು ಪೆಲೆಟ್ಟು ನಡುವಿಗೆ ಬಿತ್ತು. ಈ ಯಶಸ್ಸು ಯಾರದೆಂದು ಮಿಸ್ತ್ರಿಗೂ ಮುತ್ಯಾಗೂ ಜಗಳ ಹತ್ತಿತು. ಅದು ಹರಿಯುವುದರೊಳಗೆ ಎರಡನೆಯ ಪೆಲೆಟ್ಟು ರಟ್ಟಿನ ಹೊರಗೆ ಹೋದದ್ದರಿಂದ ಊರಿನ ಶಾಂತಿ ಉಳಿಯಿತು.

ದೇವಾಪುರದಲ್ಲಿ ಸೋತು ಕೂತವರಲ್ಲಿ ಇವನೇನೂ ಮೊದಲಿಗನಲ್ಲ. 1705ರ ಫೆಬ್ರವರಿಯಲ್ಲಿ ಔರಂಗಜೇಬ್ ಬಾದಶಹ ತಾನೇ ಬಂದು ಇಲ್ಲಿಗೆ ಸಮೀಪದ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಎದುರಿಗಿದ್ದವನು ಪಿಡ್ಡನಾಯಕ. ಏಪ್ರಿಲ್ ಕೊನೆಯಲ್ಲಿ ಕೋಟೆ ಕೈಗೆ ಸಿಕ್ಕಿತು, ನಾಯಕ ಸಿಗಲಿಲ್ಲ. ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದ. ಅದೇ ಬಾದಶಹನ ಕೊನೆಯ ಮುತ್ತಿಗೆ. ಅಲ್ಲಿಂದ ದೇವಾಪುರಕ್ಕೆ ಬಂದು ಬಿಡಾರ ಹೂಡಿದವನು ಮೇ ತಿಂಗಳಲ್ಲಿ ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟ. ದೊಡ್ಡ ತೋಪು, ದೊಡ್ಡ ಸೈನ್ಯ, ದೊಡ್ಡ ಖಜಾನೆ ಎಲ್ಲ ಇದ್ದೂ ಗುರಿ ಮಾತ್ರ ಜಾರಿತ್ತು. ನಮ್ಮ ಹುಡುಗನಿಗೆ ಹೋಲಿಸಿದರೆ ಬಾದಶಹನಿಗೆ ಖರ್ಚು ಸ್ವಲ್ಪ ಜಾಸ್ತಿಯಾಯಿತು, ಅಷ್ಟೆ.

ಆ ಕಾಲದ, ಬತ್ತಿಯಿಂದ ಹೊತ್ತಿಸುವ ಜಾಮಗಿ ಬಂದೂಕಿಗೆ ಒಂದು ಗುಣವಿತ್ತು: ಕೆಟ್ಟರೆ ಏನು ಕೆಟ್ಟಿದೆಯೆಂದು ಅದೇ ಹೇಳುತ್ತಿತ್ತು. ಬತ್ತಿ ಆರಿದ್ದರೆ ಕಣ್ಣಿಗೇ ಕಾಣುತ್ತದೆ. ಪಕ್ಕದ ಬಟ್ಟಲಿನ ಮದ್ದು ಭಗ್ಗೆಂದು ಉರಿದೂ ಗುಂಡು ಹಾರದಿದ್ದರೆ ಒಳಗಿನ ತೂತು ಕಟ್ಟಿದೆ. ಕಡ್ಡಿ ಹಾಕಿ ತೆಗೆಯಬೇಕು. ಬಟ್ಟಲಿನ ಮದ್ದೇ ಉರಿಯದಿದ್ದರೆ ತೇವವಾಗಿದೆ. ಅಂಗಡಿಯಿಂದ ತಂದು ಮೇಲೆ ಕೂರಿಸಿದ ದುರ್ಬೀನಿಗೆ ಈ ಪ್ರಾಮಾಣಿಕತೆ ಇಲ್ಲ. ಒಳಗೆ ಏನೇ ಆಗಿರಲಿ, ಅದು ತೋರಿಸುವ ಚಿತ್ರ ಒಂದೇ ಥರ ಚೆಂದ.

ಕಡೆಗೆ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹವಾಲ್ದಾರರೊಬ್ಬರು ಸಿಕ್ಕರು. ಅವರು ಬಂದವರೇ ನಳಿಗೆ ಮಡಚಿ ಖಾಲಿ ಇದೆಯೇ ನೋಡಿದರು, ಲಿಂಬಿಹಣ್ಣು ಬಿಚ್ಚಿ ಮುತ್ಯಾನ ಕೈಗೆ ಮರ್ಯಾದೆಯಿಂದ ಕೊಟ್ಟರು, "ಇನ್ನ ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದರು. ದುರ್ಬೀನನ್ನು ಹಿಡಿದ ಕ್ಲಾಂಪಿನ ಹಿಂದೆ, ಬಂದೂಕಿನ ಕಬ್ಬಿಣದ ಮೇಲೆ, ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಹುಡುಗ ಹೊಡೆಯುತ್ತ ಹೋದ. ಡಬ್ಬಿ ಅರ್ಧ ಆಗುವಷ್ಟರಲ್ಲಿ ಕ್ಲಾಂಪು ಗೆರೆಯನ್ನು ನುಂಗಿ ಹಿಂದಕ್ಕೆ ಕೂತಿತ್ತು.

ಕಾರಣ ಸ್ಪ್ರಿಂಗು. ಮದ್ದಿನ ಬಂದೂಕು ಒಮ್ಮೆ ಹಿಂದಕ್ಕೆ ಒದೆಯುತ್ತದೆ, ಮುಗಿಯಿತು. ಸ್ಪ್ರಿಂಗಿನ ಏರ್‌ರೈಫಲ್ ಹಾಗಲ್ಲ. ಕುದುರೆ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಬಂದೂಕು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆಗೆ ಹೋಗಿ ಬಡಿದಾಗ ಬಂದೂಕು ಮುಂದಕ್ಕೆ ಜಿಗಿಯುತ್ತದೆ. ಎತ್ತು ಹಿಂದೆ ಜಗ್ಗಿ ತಟ್ಟನೆ ಮುಂದೆ ನುಗ್ಗಿದ ಬಂಡಿಯಲ್ಲಿ ಕೂತವರಿಗೆ ದುರ್ಬೀನಿನ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಸಲ ಕೂದಲೆಳೆಯಷ್ಟು ಜಾರುತ್ತ ಅದು ಹಿಂದೆ ಬರುತ್ತದೆ. ಮದ್ದಿನ ಬಂದೂಕಿನ ಹಿಂದೊದೆತಕ್ಕೆ ಜಗ್ಗದ ಎಷ್ಟೋ ದುರ್ಬೀನುಗಳು ಈ ಮುಂದೊದೆತಕ್ಕೆ ಸಿಕ್ಕಿ ಒಳಗೇ ಕೆಡುವುದೂ ಉಂಟು.

ಮದ್ದು ಸರಳ. ಕಾರ್ಖಾನೆಯ ಎಣ್ಣೆಯ ಪಸೆಯನ್ನು ಸ್ಪಿರಿಟ್ಟಿನಿಂದ ಒರೆಸಿದರು. ಕ್ಲಾಂಪಿನ ಹಿಂದೆ ಒಂದು ತಡೆಮೊಳೆ ಕೂರಿಸಿದರು. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುವಿದರು. ಗುಂಡಿ ಒಂದು ಕ್ಲಿಕ್ ತಿರುವಿದರೆ ಹತ್ತು ಮೀಟರಿನಲ್ಲಿ ಪೆಲೆಟ್ಟು ಮುಕ್ಕಾಲು ಮಿಲಿಮೀಟರೂ ಸರಿಯುವುದಿಲ್ಲವೆಂದು ತಿಳಿದಾಗ, ಎರಡೇ ಕ್ಲಿಕ್ ತಿರುವಿ ಪವಾಡಕ್ಕೆ ಕಾಯುತ್ತಿದ್ದ ಹುಡುಗ ತಲೆ ಕೆರೆದುಕೊಂಡ. ಇನ್ನೊಂದು ಮಾತಿಗಂತೂ ಇಡೀ ಕಟ್ಟೆ ಬೆರಗಾಯಿತು: ಈ ಬಂದೂಕನ್ನು ಬಿಗಿಯಾಗಿ ಹಿಡಿಯಬಾರದು. ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು ಅದು ಕುಣಿದಷ್ಟು ಕುಣಿಯಲು ಬಿಡಬೇಕು; ಪ್ರತಿ ಸಲವೂ ಒಂದೇ ರೀತಿ ಕುಣಿದರೆ ಪೆಲೆಟ್ಟು ಒಂದೇ ಜಾಗಕ್ಕೆ ಹೋಗುತ್ತದೆ. ಬಿಗಿಹಿಡಿತವೇ ಗಂಡಸುತನವೆಂದು ನಂಬಿದ್ದವರಿಗೆ ಇದು ಅಷ್ಟು ಸುಲಭವಾಗಿ ಇಳಿಯಲಿಲ್ಲ.

ಬಿಂದ್ರಾಗೂ ಇಂಥದೇ ಸಂಕಟ ಬಂದಿತ್ತು. 2008ರ ಬೀಜಿಂಗ್‌ನಲ್ಲಿ ಫೈನಲ್ಲಿಗೆ ಮೊದಲಿನ ಅಭ್ಯಾಸದ ಗುಂಡು ಹತ್ತಕ್ಕೆ ಬೀಳುವ ಬದಲು ನಾಲ್ಕರ ಸುತ್ತಿಗೆ ಬಿತ್ತು. ಗುರಿ ನೋಡುವ ಸೈಟು ಸರಿದಿತ್ತು. ಅವರು ಸರಿದದ್ದನ್ನು ಸರಿಮಾಡಿದರು. ಫೈನಲ್ಲಿನ ಮೊದಲ ಗುಂಡು 10.7, ಕೊನೆಯದು 10.8, ನಡುವೆ ಚಿನ್ನ. ತಪ್ಪು ಹುಡುಕುವವನಿಗೆ ಬೇಕಾದ ವಿದ್ಯೆ ಇಷ್ಟೇ ಎಂದು ತೋರುತ್ತದೆ: ಒಂದನ್ನು ಮುಟ್ಟು, ನೋಡು, ಆಮೇಲೆ ಇನ್ನೊಂದನ್ನು ಮುಟ್ಟು. ಕಟ್ಟೆ ತುಂಬ ಸಲಹೆಗಾರರಿರುವಾಗ ಇದಕ್ಕಿಂತ ಕಷ್ಟದ ವಿದ್ಯೆ ಬೇರೆ ಇಲ್ಲ.

ಈಗ ಪೆಲೆಟ್ಟುಗಳೆಲ್ಲ ಒಂದು ನಾಣ್ಯದಡಿ ಮುಚ್ಚುವಂತೆ ಬೀಳುತ್ತಿವೆ. ಹುಡುಗ ದುರ್ಬೀನನ್ನು ಯಾರಿಗೂ ಮುಟ್ಟಗೊಡುತ್ತಿಲ್ಲ. ಮೊನ್ನೆ ಮುತ್ಯಾ ಮಾತ್ರ ಪಟ್ಟು ಹಿಡಿದಿದ್ದರು. ನಾರಾಯಣಪುರದ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರೋ ಇಲ್ಲವೋ ಮಾಳಿಗೆ ಮೇಲಿಂದಲೇ ನೋಡಬೇಕಂತೆ. ಬಂದೂಕಿನ ಸಮೇತ ಊರ ಕಡೆ ತಿರುಗಿಸಿ ನೋಡುವುದು ಅಪರಾಧವೆಂದು ಹವಾಲ್ದಾರರು ಮೊದಲೇ ಗುಡುಗಿದ್ದರು. ಅದಕ್ಕೆ ಮುತ್ಯಾನ ಪರಿಹಾರ ಸಿದ್ಧವಿತ್ತು: "ಅದನ್ನಷ್ಟ ಬಿಚ್ಚಿ ಕೊಡೋ ತಮ್ಮಾ. ನೋಡಿ ಹಂಗs ತಿರುಗಿ ಕೂಡಿಸಿ ಕೊಡ್ತೀನಿ."