ಎಂಟು ಕೆಜಿ ತೊಳೆ, ಐದು ಕೆಜಿ ಒಣಗಿಸು

ಇಂಗ್ಲೆಂಡಿನ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರ ಇರುವುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಬಚ್ಚಲಲ್ಲಿ ಟಬ್ಬು, ಷವರಿನ ಹತ್ತಿರ ಮಾಮೂಲಿ ಸಾಕೆಟ್ ಕೂಡದೆಂದು ಇಲ್ಲಿಯ ವೈರಿಂಗ್ ನಿಯಮ. ದೀಪ ಹಾಕಲಿಕ್ಕೂ ಮೇಲಿನಿಂದ ಜೋತುಬಿದ್ದ ದಾರ ಎಳೆಯಬೇಕು. ಹೀಗಾಗಿ ಒಗೆತ ಒಲೆಯ ಪಕ್ಕಕ್ಕೆ ಬಂದು ಕೂತಿದೆ. ಆರು ತಿಂಗಳ ವೀಸಾದಲ್ಲಿ ತೀರ್ಥಹಳ್ಳಿ ಕಡೆಯಿಂದ ರೆಡಿಂಗಿಗೆ ಬಂದಿಳಿದ ನಮ್ಮ ಅತ್ತೆ, ಥೇಮ್ಸ್ ನದಿಗಿಂತ ಮೊದಲು ಕಂಡದ್ದು ಅಕ್ಕಿ ಡಬ್ಬಿಯ ಪಕ್ಕ ಗಿರಗಿರ ತಿರುಗುತ್ತಿದ್ದ ಮಗನ ಕಾಲುಚೀಲಗಳನ್ನು.

"ಇದೆಂತದೇ, ಸಾರು ಕುದಿಯೋ ಜಾಗದಲ್ಲಿ ಮೈಲಿಗೆ ಬಟ್ಟೆ?" ಎಂದರು. ಮರುದಿನ ಯಂತ್ರದ ಮುಂದೆ ಹಳೆಯ ಕಾಟನ್ ಸೀರೆಯ ಪರದೆ ಬಂತು. ಕಣ್ಣಿಗೆ ಕಾಣದಿದ್ದರೆ ಮೈಲಿಗೆಯಿಲ್ಲ ಎಂಬ ತೀರ್ಮಾನಕ್ಕೆ ಇಡೀ ಮನೆ ಒಪ್ಪಿಕೊಂಡಿತು.

ನಮ್ಮದು ವಾಷರ್-ಡ್ರೈಯರ್. ಒಗೆಯುವುದೂ ಒಣಗಿಸುವುದೂ ಒಂದೇ ಹೊಟ್ಟೆಯಲ್ಲಿ ಆಗಬೇಕು. ಇಕ್ಕಟ್ಟಾದ ಬಾಡಿಗೆ ಮನೆಗಳಿಗೆ ಹೇಳಿ ಮಾಡಿಸಿದ್ದು ಎನ್ನುತ್ತಾರೆ ಅಂಗಡಿಯವರು. ಮಾರುವವರು ಹೇಳದೆ ಬಿಡುವ ಸಂಗತಿ ಯಂತ್ರದ ಹಣೆಯ ಮೇಲೇ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ: ತೊಳೆಯಲು 8 ಕೆಜಿ, ಒಣಗಿಸಲು 5 ಕೆಜಿ. ಉಳಿದ ಮೂರು ಕೆಜಿ ಏನಾಗಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳುವ ದಿನ ಭಾನುವಾರ ಆಗಿರುತ್ತದೆ.

ಅದು ಯುಗಾದಿ ಕಾರ್ಯಕ್ರಮ ಮುಗಿಸಿಕೊಂಡು ಬಂದ ಭಾನುವಾರದ ರಾತ್ರಿ. ಒಳಗೆ ಮಗಳ ಸ್ಕೂಲಿನ ಜಂಪರ್, ಮಾವನವರ ಪಂಚೆ, ನಾಲ್ಕು ಟರ್ಕಿ ಟವೆಲ್, ಒಂದು ಜೀನ್ಸ್, ಜೊತೆಗೆ "ಹೇಗೂ ಓಡ್ತಾ ಇದೆಯಲ್ಲ" ಎಂದು ಕೊನೆಗಳಿಗೆಯಲ್ಲಿ ಇವರು ತುರುಕಿದ ಬೆಡ್‌ಶೀಟು. ಯಂತ್ರ ಒಮ್ಮೆ ಗೊರ್ ಎಂದು, ಇ ಅಕ್ಷರದ ಮುಂದೆ ಎರಡು ಅಂಕಿ ತೋರಿಸಿ, ಬಾಗಿಲು ಬಿಗಿದುಕೊಂಡು ನಿಂತಿತು. ಗಾಜಿನಾಚೆ ಅರ್ಧ ಹೊಟ್ಟೆ ನೀರು, ಅದರಲ್ಲಿ ತೇಲುತ್ತ ಸೋಮವಾರದ ಯೂನಿಫಾರ್ಮು.

ಇವರಿಗೆ ಕ್ಲೌಡ್ ಕಂಪ್ಯೂಟಿಂಗಿನಲ್ಲಿ ಕೆಲಸ. ಲೋಕದ ಸಕಲ ರೋಗಕ್ಕೂ ಅವರ ಬಳಿ ಒಂದೇ ಮದ್ದು, ಆಫ್ ಮಾಡಿ ಆನ್ ಮಾಡುವುದು. ಮಾಡಿದರು. ಯಂತ್ರ ಅದೇ ಅಂಕಿಗಳನ್ನು ಮತ್ತೆ ತೋರಿಸಿತು. ಮಾವನವರು ಕನ್ನಡಕ ಹಾಕಿಕೊಂಡು ಎದ್ದರು. ಅವರು ಕೆಇಬಿಯಲ್ಲಿ ದುಡಿದು ನಿವೃತ್ತರಾದವರು. 1999ರಲ್ಲೇ ಕೆಪಿಟಿಸಿಎಲ್ ಬಂದಿದ್ದರೂ ಅವರ ಬಾಯಲ್ಲಿ ಇವತ್ತಿಗೂ ಕೆಇಬಿಯೇ. "ಮೊದಲು ಫ್ಯೂಸ್ ನೋಡು" ಎಂದರು.

"ಅಪ್ಪಾ, ಡಿಸ್‌ಪ್ಲೇ ಉರೀತಾ ಇದೆ. ಫ್ಯೂಸ್ ಹೋಗಿದ್ರೆ ಅದು ಹೇಗೆ ಉರಿಯುತ್ತೆ?"

"ನೋಡೋದಕ್ಕೇನು ದುಡ್ಡು ಕೊಡಬೇಕಾ?"

ಇಲ್ಲಿ ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು 13 ಆಂಪ್ ಫ್ಯೂಸ್ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಚ್ಚಿದ ಮಾವನವರಿಗೆ ಯಂತ್ರ ಮರೆತೇಹೋಯಿತು. ಈ ಚೌಕ ಪಿನ್ನಿನ ಪ್ಲಗ್ಗಿನ ಮಾನಕ ಹೊರಬಂದದ್ದು 1947ರಲ್ಲಿ. ನಮ್ಮ ದುಂಡು ಪಿನ್ನಿನ ಪ್ಲಗ್ಗು ಅದಕ್ಕೂ ಹಳೆಯ ಬ್ರಿಟಿಷ್ ಮಾದರಿಯ ಕೂಸು. "ನೋಡಿದ್ಯಾ, ಹೋಗೋ ವರ್ಷವೇ ಒಳ್ಳೇದು ತಮಗೆ ಇಟ್ಕೊಂಡು, ಹಳೇದು ನಮಗೆ ಬಿಟ್ಟು ಹೋದ್ರು" ಎಂದು ನನ್ನ ಅಡುಗೆಮನೆಯಲ್ಲಿ ಸಾಮ್ರಾಜ್ಯದ ಲೆಕ್ಕ ಚುಕ್ತಾ ಮಾಡಿದರು. ಫ್ಯೂಸು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಹೋಗಿತ್ತು. ನ್ಯೂಜೆರ್ಸಿಯ ನಾದಿನಿ, "ಎರಡೂ ಬೇರೆ ಬೇರೆ ತಗೋಬೇಕಿತ್ತು, ನಮ್ಮದು 240 ವೋಲ್ಟಿನ ಡ್ರೈಯರ್, ಹಬೆ ಗೋಡೆಯಿಂದಾಚೆ ಹೋಗುತ್ತೆ" ಎಂದಳು. ಸಿಡ್ನಿಯ ಭಾವ ತಮ್ಮ ಹಿತ್ತಲಿನ ತಿರುಗುವ ಒಣಹಾಕುವ ಕಂಬದ ಫೋಟೋ ಹಾಕಿದರು, ಹಿನ್ನೆಲೆಯಲ್ಲಿ ಬೇಕೆಂದೇ ಬಿಸಿಲು. ಶಿವಮೊಗ್ಗದ ಚಿಕ್ಕಮ್ಮ ಮಾತ್ರ ಕೇಳಬೇಕಾದ್ದನ್ನು ಕೇಳಿದರು: "ಊಟ ಆಯ್ತಾ?"

ಕೊನೆಗೆ ಪುಸ್ತಕ ತೆಗೆದು ನೋಡಿದ್ದು ಮಗಳು. ನೀರು ಹೊರಹೋಗದಿದ್ದರೆ ಕೆಳಗಿನ ಮೂಲೆಯ ಪುಟ್ಟ ಬಾಗಿಲು ತೆರೆದು ಪಂಪಿನ ಜಾಲರಿ ಶುದ್ಧ ಮಾಡಬೇಕಂತೆ. ಪ್ಲಗ್ ತೆಗೆದು, ನೀರು ತಣಿಯುವವರೆಗೆ ಕಾದು, ತಗ್ಗಾದ ಪಾತ್ರೆಯೊಂದನ್ನು ಅಡಿಗೆ ಹಿಡಿಯಬೇಕಂತೆ. ತಗ್ಗಾದ ಪಾತ್ರೆ ಎಂದರೆ ಮನೆಯಲ್ಲಿದ್ದದ್ದು ಅತ್ತೆ ಊರಿಂದ ಹೊತ್ತು ತಂದ ಪರಾತ. "ಅದರಲ್ಲಿ ಒಬ್ಬಟ್ಟಿನ ಕಣಕ ನಾದಿದೀನಿ. ಜೀವ ಹೋದ್ರೂ ಕೊಡಲ್ಲ. ಆ ಓವನ್ನಿನ ತಟ್ಟೆ ತಗೋ. ಹಿಂದೆ ಇದ್ದವರು ಅದರಲ್ಲಿ ಏನೇನು ಬೇಯಿಸಿದ್ರೋ, ಅದು ಹೇಗೂ ಹೋದ ಕೇಸೇ."

ತಟ್ಟೆ ತುಂಬುವುದು, ಸಿಂಕಿಗೆ ಸುರಿಯುವುದು. ಬಹಳ ಹೊತ್ತಿನ ನಂತರ ಜಾಲರಿ ಹೊರಬಂತು. ಪೊಲೀಸ್ ಪಂಚನಾಮೆ ಅಲ್ಲಿಂದ ಶುರು. ಸೀರೆಯ ಸೇಫ್ಟಿ ಪಿನ್ನುಗಳು: ನನ್ನವು. ಲೆಗೋ ಇಟ್ಟಿಗೆ: ಮಗಳದ್ದು. ಐದು ಪೆನ್ಸಿನ ನಾಣ್ಯ: ವಾರಸುದಾರರಿಲ್ಲ. ನೀರಲ್ಲಿ ನೆನೆದು ದುಪ್ಪಟ್ಟಾಗಿದ್ದ ಕಂದು ವಸ್ತುವೊಂದು ಕೊನೆಗೆ ಉರುಳಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಮಾವನವರ ಕಡೆ ತಿರುಗಿ, "ಅಡಿಕೆ ಬಿಟ್ಟಿದೀನಿ ಅಂದಿದ್ರಿ?" ಎಂದರು. ಡಾಕ್ಟರು ಅಡಿಕೆ ನಿಲ್ಲಿಸಲು ಹೇಳಿ ವರ್ಷವಾಗಿತ್ತು. ಕೆಇಬಿಯ ಸದ್ದಡಗಿತು. "ಅದು ಹಳೇದು" ಎಂದರು. ಯಂತ್ರ ಕೊಂಡದ್ದು ಹೋದ ದೀಪಾವಳಿಗೆ.

ನೀರು ಹೋಯಿತು, ಹಿಂಡುವುದು ಸರಿಯಾಯಿತು, ಜಂಪರ್ ಹೊರಗೆ ಬಂತು. ಆದರೆ ಮೂರು ಗಂಟೆ ಒಣಗಿಸಿದರೂ ಬಟ್ಟೆ ಇಡ್ಲಿಯ ಹಾಗೆ, ಬಿಸಿ ಮತ್ತು ಒದ್ದೆ. ಆಗ ಯಂತ್ರದ ಒಳಗುಟ್ಟು ಓದಬೇಕಾಯಿತು. ಕಾದ ಗಾಳಿ ಬಟ್ಟೆಯ ತೇವ ಎತ್ತಿಕೊಂಡು ಹಿಂಬದಿಯ ಕೊಳವೆಗೆ ಹೋಗುತ್ತದೆ. ಅಲ್ಲಿ ತಣ್ಣೀರು ಸಣ್ಣಗೆ ಹರಿಯುತ್ತಿರುತ್ತದೆ. ಹಬೆ ಅದಕ್ಕೆ ತಾಗಿ ನೀರಾಗಿ, ಎರಡೂ ಸೇರಿ ಪಂಪಿನ ದಾರಿ ಹಿಡಿಯುತ್ತವೆ. "ಒಣಗಿಸಲಿಕ್ಕೆ ನೀರು ಬಿಡೋ ಯಂತ್ರ!" ಎಂದು ಮಾವನವರು ಅಂದು ಮೊದಲ ಬಾರಿಗೆ ನಕ್ಕರು. ಆ ಕೊಳವೆಗೆ ಟವೆಲಿನ ಜುಂಗು ಮೆತ್ತಿಕೊಂಡರೆ ಕಥೆ ಮುಗಿಯಿತು. ಟರ್ಕಿ ಟವೆಲಿಗಿಂತ ನಮ್ಮೂರಿನ ತೆಳು ಬಟ್ಟೆಯ ಚೌಕಗಳೇ ವಾಸಿ ಎಂಬುದು ಮಾವನವರ ವಾದ: ಜುಂಗಿನ ತಂಟೆಯೇ ಕಡಿಮೆ, ಕೊಡವಿ ಹರಡಿದರೆ ಅರ್ಧ ಗಂಟೆಯಲ್ಲಿ ಒಣಗುತ್ತವೆ. ಈ ವಾದದಲ್ಲಿ ನಾನು ಮಾವನವರ ಪಕ್ಷ.

ಇವರು ಕಾನೂನು ಹಿಡಿದರು. ವಾಷರ್-ಡ್ರೈಯರಿನಂಥ ಯಂತ್ರಗಳಿಗೆ ಬಿಡಿಭಾಗ ಸಿಗುವಂತಿರಬೇಕೆಂಬ ನಿಯಮ ಇಲ್ಲಿ 2021ರ ಜುಲೈ 1ರಿಂದ ಬಂದಿದೆ. ಹುರುಪಿನಿಂದ ಓದುತ್ತ ಹೋದ ಅವರ ದನಿ ಬರಬರುತ್ತ ಇಳಿಯಿತು. ಮನೆಯವರಿಗೆ ಸಿಗಬೇಕಾದ್ದು ಬಾಗಿಲು, ಹಿಂಜು, ರಬ್ಬರು, ಸೋಪಿನ ಡ್ರಾಯರು. ಪಂಪು, ಹೀಟರು, ಮೋಟಾರು ಕೇಳುವ ಹಕ್ಕು ವೃತ್ತಿಪರ ರಿಪೇರಿಯವರದ್ದು. "ಅಂದ್ರೆ ಬಾಗಿಲು ನಮ್ಮದು, ಸಂಸಾರ ಅವರದ್ದು" ಎಂದರು ಅತ್ತೆ.

ರಿಪೇರಿಯವನು ಸಿಗುವವರೆಗೆ ಕಾರುಬಾರು ಅತ್ತೆಯ ಕೈಗೆ ಬಂತು. ಆಗುಂಬೆಯ ಮಳೆ ಕಂಡವರಿಗೆ ಇಂಗ್ಲೆಂಡಿನ ತುಂತುರು ಯಾವ ಲೆಕ್ಕ? ಜೂನ್‌ನಿಂದ ತಿಂಗಳುಗಟ್ಟಲೆ ಬಿಸಿಲು ಕಾಣದ ಮನೆಯಲ್ಲಿ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ, ಹೊಗೆವಾಸನೆಯ ಸಮವಸ್ತ್ರ ತೊಡಿಸಿ ಮಕ್ಕಳನ್ನು ಶಾಲೆಗೆ ಕಳಿಸಿದವರು ಅವರು. ರೇಡಿಯೇಟರುಗಳ ಮೇಲೆ, ಮೆಟ್ಟಿಲ ಕಟಕಟೆಯ ಮೇಲೆ, ಪರದೆಯ ಸರಳಿನ ಮೇಲೆ ಬಟ್ಟೆ ಹರಡಿತು. ಮಡಿ ಸೀರೆಗೆ ಮಾತ್ರ ಯಾರ ಕೈಗೂ ಎಟುಕದ ಎತ್ತರ. ಆದರೆ ಊರಿನ ಮನೆಯ ಹಂಚಿನ ಮಾಡಿಗೆ ಉಸಿರಾಡಲು ಸಂದುಗಳಿದ್ದವು. ಇಲ್ಲಿ ಎರಡು ಪದರದ ಗಾಜು. ಒಳಗಿನ ತೇವ ಒಳಗೇ ಉಳಿದು, ವಾರದಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಮೂಡಿತು. ಯಂತ್ರ ನಮ್ಮದು, ಗೋಡೆ ಮನೆಮಾಲೀಕರದ್ದು. ಕಿಟಕಿಗಳೆಲ್ಲ ತೆರೆದುಕೊಂಡವು, ಬಟ್ಟೆಯೂ ನಾವೂ ಒಟ್ಟಿಗೇ ನಡುಗಿದೆವು.

ರಿಪೇರಿಯವನು ಬರುವ ಹೊತ್ತು ಬೆಳಿಗ್ಗೆ ಎಂಟರಿಂದ ಸಂಜೆ ಆರರೊಳಗೆ ಎಂದಿತ್ತು ಸಂದೇಶ. ಅತ್ತೆ ಎಂಟಕ್ಕೇ ಉಪ್ಪಿಟ್ಟು ಮಾಡಿಟ್ಟು ಕೂತರು. ಅವನು ಬಂದದ್ದು ಉಪ್ಪಿಟ್ಟು ಎರಡನೇ ಸಲ ಬಿಸಿಯಾದ ಮೇಲೆ. ಸೀರೆಯ ಪರದೆ ಕಂಡು ಒಂದು ಕ್ಷಣ ಅಳುಕಿ, ಬೂಟು ಬಿಚ್ಚಿಯೇ ಮುಂದೆ ಬಂದ ಪುಣ್ಯಾತ್ಮ. ಹಿಂಬದಿಯ ಕೊಳವೆಯಿಂದ ಬೂದು ಬಣ್ಣದ ಜುಂಗು ಎಳೆಯತೊಡಗಿದ. ಮಾವನವರು ಟಾರ್ಚ್ ಹಿಡಿದು ಮೇಲ್ವಿಚಾರಣೆ ನಡೆಸಿದರು. ಕೈ ಒರೆಸಿಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ: ಒಂದು ಸಲಕ್ಕೆ ಎಷ್ಟು ಕೆಜಿ ಒಣಗಿಸುತ್ತೀರಿ?

ಮನೆ ನಿಶ್ಶಬ್ದ. ಅತ್ತೆ ಮೆಲ್ಲಗೆ ಅಟ್ಟದ ಪೆಟ್ಟಿಗೆಯ ಕಡೆ ನೋಡಿದರು. ಹೊರನಾಡ ಕನ್ನಡಿಗರ ಮನೆಯಲ್ಲಿ ಕೊಕ್ಕೆಯ ಲಗೇಜ್ ತಕ್ಕಡಿ ಇಲ್ಲದಿರುತ್ತದೆಯೇ? ಚಟ್ನಿಪುಡಿ, ಹಪ್ಪಳಗಳನ್ನು 23 ಕೆಜಿಯ ಗೆರೆಯೊಳಗೆ ಕೂರಿಸಿ ಸಾಗರ ದಾಟಿಸಿದ ತಕ್ಕಡಿ ಅದು. ಬುಟ್ಟಿಯ ಬಟ್ಟೆ ಚೀಲಕ್ಕೆ ಸುರಿದು ಕೊಕ್ಕೆಗೆ ಸಿಕ್ಕಿಸಿದರೆ ಏಳೂವರೆ. ಅದೂ ಒಣಗಿದ್ದಾಗಿನ ತೂಕ.

ಈಗ ನಮ್ಮಲ್ಲಿ ಪ್ರತಿ ಒಗೆತಕ್ಕೂ ಮುನ್ನ ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನ ಜಗಳವೆಲ್ಲ ನಡೆಯುತ್ತದೆ. ಜೀನ್ಸಿಗೆ ಪ್ರವೇಶ ನಿಷಿದ್ಧ. ಟವೆಲುಗಳಿಗೆ ಬೇರೆ ದಿನ. ಮೊನ್ನೆ ಮುಳ್ಳು 5.2ರಲ್ಲಿ ನಿಂತಿತು. ಇವರು ತಮ್ಮ ಷರ್ಟು ತೆಗೆಯಲು ಒಪ್ಪಲಿಲ್ಲ, ಮಗಳು ಪೈಜಾಮ ಬಿಡಲಿಲ್ಲ. ಮಾವನವರು ಚೀಲಕ್ಕೆ ಕೈಹಾಕಿ ತಮ್ಮ ಪಂಚೆ ಎಳೆದುಕೊಂಡು, "ಇದನ್ನ ನಾನು ಉಟ್ಕೊಂಡೇ ಹೋಗ್ತೀನಿ ಬಿಡ್ರೋ" ಎಂದರು. ಅತ್ತೆ ಬಿಡಲಿಲ್ಲ. ಮೊದಲು ಅದರ ಗಂಟು ಬಿಚ್ಚಿ ತೋರಿಸಬೇಕಂತೆ.