ನಾಲ್ಕು ಜ್ವರ ಕಂಡವರೊಡನೆ ನಾಲ್ಕು ಮಾತು

ರಾಮನಗರದ ಕಡೆಯ ಒಂದು ರೇಷ್ಮೆ ಹುಳುಮನೆ. ತಟ್ಟೆಯಲ್ಲಿ ಒಂದಿಬ್ಬರು ಆಗಲೇ ಹಣ್ಣಾಗಿ, ಮೈ ಜೇನುಬಣ್ಣಕ್ಕೆ ತಿರುಗಿ, ಕತ್ತೆತ್ತಿ ಗಾಳಿಯಲ್ಲಿ ತಡಕಾಡುತ್ತಿದ್ದರು. ನಮ್ಮ ಅತಿಥಿ ಮಾತ್ರ ಸೊಪ್ಪಿನ ಅಂಚು ಬಿಟ್ಟು ತಲೆಯೆತ್ತಲಿಲ್ಲ.

ಊಟದ ಮಧ್ಯೆ ಬಂದೆನೇನೋ?

ನಮ್ಮ ಊಟಕ್ಕೆ ಮಧ್ಯ ಎಲ್ಲಿದೆ! ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಈ ಒಂದು ವಾರದಲ್ಲೇ ಖಾಲಿಯಾಗಬೇಕು. ಕೇಳಿ.

ನಿಮ್ಮ ಯೌವನದ ಗುಟ್ಟು?

ತಲೆಯೊಳಗೆ ಪುಟ್ಟ ಗ್ರಂಥಿಯ ಜೋಡಿಯಿದೆ. ಅದರ ಹಾರ್ಮೋನು ಇರುವ ತನಕ ಜ್ವರಕ್ಕೆ ಕೂತು ಪೊರೆ ಕಳಚಿದರೂ ಹುಳುವಾಗಿಯೇ ಏಳುತ್ತೇವೆ. ಅದು ಬತ್ತಿ, ಎದೆಯ ಗ್ರಂಥಿಯ ಎಕ್ಡೈಸೋನ್ ಏರಿತೋ, ಗೂಡು ಕಟ್ಟಲು ಅಪ್ಪಣೆ.

ಇದು ಮನುಷ್ಯರಿಗೆ ಹೇಗೆ ತಿಳಿಯಿತು?

ಅದೊಂದು ಕೇಳಬೇಡಿ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ನಮ್ಮ ಜಾತಿಯ 500 ಕಿಲೋ ಪ್ಯೂಪೆಯಿಂದ ತೆಗೆದ ಎಕ್ಡೈಸೋನ್ 25 ಮಿಲಿಗ್ರಾಂ. ಅಷ್ಟು ಸಾಸಿವೆ ನಿಮ್ಮ ಒಗ್ಗರಣೆಗೂ ಸಾಲದು.

ಈಗ ಹೊರಗಿನಿಂದಲೂ ಹಾರ್ಮೋನು ಕೊಡುತ್ತಾರಂತೆ?

ಎರಡು ಥರ. ಜಪಾನಿನವರು ಮೆಥೊಪ್ರೀನ್ ಎಂಬ ಯೌವನದ ನಕಲನ್ನು ಐದನೇ ಹಂತದಲ್ಲಿ ಚೂರೇ ಚೂರು ಕೊಟ್ಟರು. ಯೌವನ ಒಂದು ದಿನದಷ್ಟು ಜಗ್ಗುತ್ತದೆ, ಇನ್ನೊಂದಷ್ಟು ಸೊಪ್ಪು ಒಳಗೆ ಹೋಗುತ್ತದೆ, ರೇಷ್ಮೆ ಗ್ರಂಥಿ ದಪ್ಪಗಾಗಿ ಗೂಡು ತೂಗುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ‘ಸಂಪೂರ್ಣ’ ಇದರ ಉಲ್ಟಾ. ಗಿಡದಿಂದ ಬಂದ, ಎಕ್ಡೈಸೋನ್ ಜಾತಿಯದು. ಸೊಪ್ಪಿಗೆ ಚಿಮುಕಿಸಿದರೆ ಇಡೀ ಮನೆ ಒಟ್ಟಿಗೆ ಹಣ್ಣು. ದಿನಗಟ್ಟಲೆ ಹುಳು ಆರಿಸುವ ಕೂಲಿ ಉಳಿಯಿತು. ಯೌವನವೂ ಅವರ ಲೆಕ್ಕ, ಮುಪ್ಪೂ ಅವರ ಲೆಕ್ಕ.

ಯೌವನ ಹೆಚ್ಚಾದರೆ ನಷ್ಟವೇನು? ನಮ್ಮಲ್ಲಿ ಅದಕ್ಕೇ ಕ್ರೀಮು ಮಾರುತ್ತಾರೆ.

ಬಿಳಿನೊಣಕ್ಕೆಂದು ಹೊಡೆಯುವ ಪೈರಿಪ್ರಾಕ್ಸಿಫೆನ್ ಕೂಡ ನಮ್ಮ ಯೌವನದ ನಕಲೇ. ಪಕ್ಕದ ಹೊಲದಿಂದ ಅದು ಹಿಪ್ಪುನೇರಳೆಯ ಮೇಲೆ ಹಾರಿ ಬಂದರೆ, ತಿಂದವರು ಮೈತುಂಬ ರೇಷ್ಮೆ ಹೊತ್ತು, ಗೂಡು ಕಟ್ಟಲು ಬಿಡುವ ಚಂದ್ರಿಕೆಯ ಮೇಲೆ ಅಲೆದು ಸಾಯುತ್ತಾರೆ. ಗೂಡು ಮಾತ್ರ ಇಲ್ಲ. ರೈತನಿಗೆ ಆಗ ಕ್ರೀಮು ಹಚ್ಚಿದರೂ ಮುಖ ಅರಳುವುದಿಲ್ಲ.

(ಹುಳು ತುಸು ತಡೆದು) ಈ ಸೊಪ್ಪು ಯಾಕೆ ಒದ್ದೆಯಾಗಿದೆ?

ಹಿಂದಿರುಗಿ ನೋಡಿದೆ. ಯಜಮಾನರು ಖಾಲಿ ಬಕೆಟ್ಟು ಬೋರಲು ಹಾಕುತ್ತಿದ್ದರು. “ಮುಗೀತಾ ಸ್ವಾಮಿ? ನಾಳೆ ಬೆಳಿಗ್ಗೆ ಚಂದ್ರಿಕೆಗೆ ಬಿಡೋಕೆ ಆಳು ಹೇಳಿದ್ದೀನಿ.”

ಹುಳು ಎಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. “ಮಿಕ್ಕ ಪ್ರಶ್ನೆಗಳಿದ್ದರೆ ಸಂಜೆಯೊಳಗೆ ಕೇಳಿಬಿಡಿ” ಎಂದು ಮತ್ತೆ ತಿನ್ನತೊಡಗಿತು.